ಸಡಿಲ ಬಿಡುವ ಕಾಲು

ರಾಮನಗರದ ಗ್ಯಾರೇಜುಗಳಲ್ಲಿ ಒಂದು ಕಾಲಕ್ಕೆ ಮುಷರಫನ ಬಲಗಾಲಿನ ಬಗ್ಗೆ ದೊಡ್ಡ ದೊಡ್ಡ ಮಾತು ನಡೆಯುತ್ತಿತ್ತು. ನೋಡಿದರೆ ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಹಿಮ್ಮಡಿ ಒಡೆದ ಕಾಲು, ಎಂದೋ ಜಾಕಿ ಬಿದ್ದು ಹೆಬ್ಬೆರಳ ಉಗುರು ಕಪ್ಪಾದ ಕಾಲು. ಆದರೆ ಅದು ಆಕ್ಸಿಲರೇಟರ್ ಮೇಲೆ ಕೂತಿತೆಂದರೆ ಎಂಥ ಡಕೋಟ ಗಾಡಿಯೂ ಮಾತು ಕೇಳುತ್ತಿತ್ತು. ಈಗ ಆ ಕಾಲಿನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಎತ್ತಿದರೆ ಮುಷರಫ್ ಟೀ ಲೋಟ ಅಲ್ಲೇ ಇಟ್ಟು ಎದ್ದು ಹೋಗುತ್ತಾನೆ. ಇದು ಹೀಗೇಕಾಯಿತು ಎಂದು ಹೇಳಲು ರೇಸಿನ ಕಾರಿನಿಂದ ಶುರು ಮಾಡಿದರೆ ಪ್ರಯೋಜನವಿಲ್ಲ, ಅವನ ತಾಯಿಯ ಚರಕದಿಂದಲೇ ಶುರು ಮಾಡಬೇಕು.

ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಅವರ ಮನೆ. ಮುಂದೆ ಒಂದು ಕೋಣೆ, ಹಿಂದೆ ತಗಡಿನ ಶೆಡ್ಡು, ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚುವ ಚರಕ. ತಾಯಿ ಫಿರೋಜಾ ಮಣ್ಣಿನ ಒಲೆಯ ಮುಂದೆ ಕೂತು ಕುದಿಯುವ ನೀರಿನಲ್ಲಿ ತೇಲುವ ಗೂಡುಗಳಿಂದ ಎಳೆ ಹುಡುಕಿ ತೆಗೆಯುವವಳು. ಆ ಎಳೆಗಳೆಲ್ಲ ಸೇರಿ ಒಂದು ನೂಲಾಗಿ ಮೇಲಿನ ರಾಟೆಗೆ ಸುತ್ತಿಕೊಳ್ಳುತ್ತವೆ. ರಾಟೆ ತಿರುಗಿಸಲು ಇನ್ನೊಬ್ಬರು ಬೇಕು. ಊರೆಲ್ಲ ಕೈಯಿಂದ ತಿರುಗಿಸುತ್ತಿದ್ದಾಗ ತಂದೆ ಮುಕ್ತಿಯಾರ್ ಹೊಲಿಗೆ ಮಿಷಿನ್ನಿಗೆ ಇರುವಂಥ ತುಳಿಯುವ ಹಲಗೆಯೊಂದನ್ನು ಅದಕ್ಕೆ ಕೂರಿಸಿದ್ದರು. ಹುಳ ಬೇಯುವ ಹಬೆ ಕುಡಿದು ಕುಡಿದು ಅವರಿಗೆ ಉಬ್ಬಸ ಹತ್ತಿತ್ತು, ತೋಳು ಬೀಸುವಷ್ಟು ಉಸಿರು ಉಳಿದಿರಲಿಲ್ಲ. ಕೊನೆಗೆ ತುಳಿಯುವಷ್ಟು ಉಸಿರೂ ಉಳಿಯಲಿಲ್ಲ. ಅವರು ಹೋದಮೇಲೆ ಹಲಗೆಯ ಮೇಲೆ ಮುಷರಫನ ಕಾಲು ಬಂತು.

ತುಳಿಯುವುದೇನು ಮಹಾ ವಿದ್ಯೆ ಎಂದು ಕೇಳುವವರು ಒಮ್ಮೆ ತುಳಿದು ನೋಡಬೇಕು. ಗೂಡಿನ ಎಳೆ ಮುಗಿಯುತ್ತ ಬಂದಾಗ ನೂಲು ತೆಳುವಾಗುತ್ತದೆ. ಆಗ ಹೊಸ ಗೂಡಿನ ಎಳೆಯನ್ನು ಓಡುತ್ತಿರುವ ನೂಲಿಗೆ ಎಸೆದು ಹತ್ತಿಸಬೇಕು. ಆ ಗಳಿಗೆಯಲ್ಲಿ ರಾಟೆ ಒಂದು ಚೂರು ಸಡಿಲವಾಗಬೇಕು, ಎಳೆ ಹತ್ತಿದ ಕೂಡಲೇ ಮತ್ತೆ ಜೋರಾಗಬೇಕು. ಸಡಿಲ ಬಿಡದಿದ್ದರೆ ನೂಲು ಹರಿಯುತ್ತದೆ, ಜಾಸ್ತಿ ಬಿಟ್ಟರೆ ಗಂಟು ಬೀಳುತ್ತದೆ. ಮೊದಮೊದಲು ಫಿರೋಜಾ ಮನೆಯ ಉರ್ದುವಿಗೆ ಊರಿನ ಕನ್ನಡ ಬೆರೆಸಿ, "ಒಸಿ ಸಡಿಲ ಬೇಟಾ, ಒಸಿ ಸಡಿಲ" ಎಂದು ಹೇಳಿಕೊಡುತ್ತಿದ್ದಳು. ನೂಲು ಹರಿದರೆ ಬೈಯುತ್ತಿದ್ದಳು. ಆಮೇಲೆ ಬೈಗುಳವೂ ನಿಂತಿತು, ಮಾತೂ ನಿಂತಿತು. ಎಳೆ ಎಸೆಯುವ ಮುಂಚೆ ಅವಳ ಭುಜ ಒಮ್ಮೆ ಅಲುಗುತ್ತಿತ್ತು, ಅಷ್ಟು ಸಾಕಾಗಿತ್ತು. ಕಾಲಿಗೆ ತಿಳಿದದ್ದನ್ನು ತಲೆ ವಿಚಾರಿಸುವುದನ್ನೇ ಬಿಟ್ಟಿತು.

ಮೀಸೆ ಬಂದಮೇಲೆ ಮುಷರಫ್ ಗೂಡಿನ ಗಾಡಿ ಓಡಿಸಲು ಹಿಡಿದ. ಕನಕಪುರ, ಕೈಲಾಂಚ, ಮಾಗಡಿ ಕಡೆಯ ಹಳ್ಳಿಗಳಿಂದ ಗೂಡು ತುಂಬಿಕೊಂಡು ಹರಾಜಿನ ಹೊತ್ತಿಗೆ ರಾಮನಗರಕ್ಕೆ ಮುಟ್ಟಿಸುವುದು ಅವನ ಕೆಲಸ. ತಡವಾದರೆ ರೈತ ಶಾಪ ಹಾಕುತ್ತಾನೆ, ಕುಲುಕಿದರೆ ಗೂಡು ನಜ್ಜಾಗುತ್ತದೆ. ಬೇರೆ ಡ್ರೈವರುಗಳು ಎರಡರಲ್ಲಿ ಒಂದನ್ನು ಕೈಬಿಡುತ್ತಿದ್ದರು. ಮುಷರಫ್ ಎರಡನ್ನೂ ಉಳಿಸಿಕೊಂಡ. ಸಂಜೆ ಮನೆಗೆ ಬಂದು ತಾಯಿಗೆ ಚರಕ ತುಳಿದುಕೊಡುವುದನ್ನೂ ಬಿಡಲಿಲ್ಲ.

ಅವನ ಗಾಡಿ ರಿಪೇರಿ ಮಾಡುತ್ತಿದ್ದವನು ಶ್ರೀನಿವಾಸ್. ಕೈಲಾಂಚದವನು, ಹೈವೇ ಬದಿಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ, ಎಲ್ಲರ ಬಾಯಲ್ಲೂ ಸೀನಣ್ಣ. ಅವನಿಗೊಂದು ಹುಚ್ಚು. ಗುಜರಿಗೆ ಹೋಗಬೇಕಾದ ಕಾರುಗಳನ್ನು ಬಿಚ್ಚಿ ಕಟ್ಟಿ ಮಣ್ಣಿನ ರೇಸಿಗೆ ಇಳಿಸುತ್ತಿದ್ದ. ಚನ್ನಪಟ್ಟಣದ ಆಚೆ ಒಣಗಿದ ಕೆರೆಯಂಗಳದಲ್ಲಿ ಒಂದು ರೇಸು ನಡೆದಾಗ ಅವನ ಡ್ರೈವರ್ ಕೈಕೊಟ್ಟ. ಪಕ್ಕದಲ್ಲೇ ನಿಂತು ಕಡಲೇಕಾಯಿ ತಿನ್ನುತ್ತಿದ್ದ ಮುಷರಫನನ್ನು ಹಿಡಿದು ಕೂರಿಸಿದ. ಅವತ್ತು ಮುಷರಫ್ ಗೆದ್ದ. ಅದರ ಮುಂದಿನದೂ ಗೆದ್ದ. ಧೂಳು ಒರೆಸಿಕೊಳ್ಳುತ್ತ ಸೀನಣ್ಣ ಕೇಳಿದ:

"ಲೇ, ಎಲ್ರೂ ಮೂಲೆ ತಿರುಗ್ತಿದ್ದಂಗೆ ಒತ್ತಿಬುಡ್ತಾರೆ. ನೀನು ಒತ್ತೋಕ್ಮುಂಚೆ ಒಸಿ ಬುಡ್ತೀಯ, ಆಮೇಕೆ ಒತ್ತೀಯ. ಅದ್ಯಾಕ್ಲಾ?"

"ಬುಡ್ದಿದ್ರೆ ಹರೀತದೆ ಅಣ್ಣ."

"ಏನು ಹರೀತದೆ?"

ಮುಷರಫ್ ಯೋಚಿಸಿದ. "ಗೊತ್ತಿಲ್ಲ. ಹರೀತದೆ" ಅಂದ.

ಸೀನಣ್ಣನಿಗೆ ಅರ್ಥವಾಯಿತು, ಅಥವಾ ಅರ್ಥವಾದಷ್ಟು ಸಾಕೆನಿಸಿತು. ಆ ಚೂರು ಸಡಿಲದಲ್ಲಿ ಮುಂದಿನ ಚಕ್ರಗಳು ನೆಲ ಕಚ್ಚುತ್ತವೆ, ಕಾರು ನೆಟ್ಟಗಾಗುತ್ತದೆ, ಆಮೇಲೆ ಒತ್ತಿದ್ದೆಲ್ಲ ಓಟವಾಗುತ್ತದೆ. ಬೇರೆಯವರು ಆ ಜಾಗದಲ್ಲಿ ಜಾರುತ್ತ ಸ್ಟೇರಿಂಗಿನ ಜೊತೆ ಗುದ್ದಾಡುವಾಗ ಇವನು ಮುಂದಿರುತ್ತಿದ್ದ. ಹಲವು ವರ್ಷ ಹೀಗೇ ನಡೆಯಿತು. ಮಣ್ಣಿನ ರೇಸಿನಲ್ಲಿ ಅವನು ಹಾಕಿದ್ದೇ ಗೆರೆ.

ಆಮೇಲೆ ಬೆಂಗಳೂರಿನ ಕಂಪನಿಯೊಂದು ಮಾಗಡಿ ಆಚೆಯ ತಿಪ್ಪಸಂದ್ರದ ಕಡೆ ಹಳೆಯ ಕಲ್ಲು ಕ್ವಾರಿಯ ಪಕ್ಕದಲ್ಲಿ ಜಮೀನು ಹಿಡಿದು ಟಾರು ಹಾಕಿದ ಟ್ರ್ಯಾಕ್ ಮಾಡಿತು. ಅವರದು ಹೈಬ್ರಿಡ್ ಕಾರು. ಪೆಟ್ರೋಲ್ ಇಂಜಿನ್ನಿನ ಜೊತೆಗೆ ಬ್ಯಾಟರಿಯಿಂದ ಓಡುವ ಮೋಟಾರು. ಬ್ರೇಕ್ ಒತ್ತಿದಾಗೆಲ್ಲ ಬ್ಯಾಟರಿ ತುಂಬಿಕೊಳ್ಳುತ್ತದೆ, ತುಂಬಿದ್ದನ್ನು ಉದ್ದನೆಯ ದಾರಿಯಲ್ಲಿ ಬಿಟ್ಟರೆ ಕಾರಿಗೆ ಹಿಂದಿನಿಂದ ಯಾರೋ ನೂಕಿದಂತಾಗುತ್ತದೆ. ಇಂಥ ಕಾರುಗಳ ರೇಸೇ ಬೇರೆ, ಅದರಲ್ಲಿ ಬೇರೆ ಊರಿನ ಕಂಪನಿಗಳ ಟೀಮುಗಳೂ ಇದ್ದವು. ಇವರಿಗೆ ಅಗ್ಗದ, ಜೋರಿನ ಡ್ರೈವರ್ ಬೇಕಿತ್ತು. ಸೀನಣ್ಣ ಮುಷರಫನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ.

ಮೊದಲ ವರ್ಷದ ಕಾರಿನಲ್ಲಿ ಸ್ಟೇರಿಂಗ್ ಮೇಲೆ ಒಂದು ಹಸಿರು ಗುಂಡಿ ಇತ್ತು. ಬ್ಯಾಟರಿಯ ಬಲ ಎಲ್ಲಿ ಬೇಕು, ಎಷ್ಟು ಬೇಕು ಎಂಬುದು ಡ್ರೈವರಿನ ಹೆಬ್ಬೆರಳಿಗೆ ಬಿಟ್ಟದ್ದು. ಮುಷರಫ್ ಆ ವರ್ಷ ಬದುಕಿದ ಹಾಗೆ ಅದರ ಮುಂಚೆ ಬದುಕಿರಲಿಲ್ಲ, ಆಮೇಲಂತೂ ಬದುಕಲೇ ಇಲ್ಲ. ಮೂಲೆಯಲ್ಲಿ ಒಸಿ ಸಡಿಲ, ಕಾರು ನೆಟ್ಟಗಾಯಿತು, ಕಾಲು ಕೆಳಗೆ, ಹೆಬ್ಬೆರಳು ಗುಂಡಿಯ ಮೇಲೆ. ಅಷ್ಟೇ. ಓಣಿಯ ಜನ ಅವನ ಫೋಟೊವನ್ನು ಬೇಕರಿಯ ಗೋಡೆಗೆ ಅಂಟಿಸಿದರು. ಫಿರೋಜಾ ರೇಸು ನೋಡಲು ಯಾವತ್ತೂ ಹೋಗಲಿಲ್ಲ. "ಬ್ಯಾಟ್ರಿಗೆ ಬೆಂಕಿ ಹತ್ತಲ್ವಾ?" ಎಂದು ಪ್ರತಿಸಲವೂ ಕೇಳುತ್ತಿದ್ದಳು. ಹತ್ತಲ್ಲ ಅಮ್ಮಿ ಎಂದು ಅವನು ಪ್ರತಿಸಲವೂ ಹೇಳುತ್ತಿದ್ದ.

ಎರಡನೇ ವರ್ಷ ಗುಂಡಿ ಹೋಯಿತು. ರೇಸು ನಡೆಸುವವರು ನಿಯಮ ಬದಲಾಯಿಸಿ, ಬ್ಯಾಟರಿಯ ಬಲವನ್ನು ಹಂಚುವ ಕೆಲಸವನ್ನು ಸಾಫ್ಟ್‌ವೇರಿಗೆ ವಹಿಸಿದರು. ಡ್ರೈವರ್ ಕಾರು ತಿರುಗಿಸಬೇಕು, ಬ್ರೇಕ್ ಒತ್ತಬೇಕು, ಆಕ್ಸಿಲರೇಟರ್ ಒತ್ತಬೇಕು. ಬಲ ಕೊಡುವುದೋ ಬಿಡುವುದೋ ಅದರ ಇಷ್ಟ. ಕಾರು ಓಡಿಸುವವನು ಕಾರಿನ ಹತ್ತಿರ ಅರ್ಜಿ ಹಾಕಿಕೊಳ್ಳುವ ಕಾಲವೂ ಬಂತು. ಆದರೂ ಮುಷರಫ್ ತಲೆ ಕೆಡಿಸಿಕೊಳ್ಳಲಿಲ್ಲ. ತನ್ನ ಕಾಲು ತನ್ನ ಹತ್ತಿರವೇ ಇದೆಯಲ್ಲ ಅಂದುಕೊಂಡ.

ಆ ವರ್ಷದ ಮೊದಲ ರೇಸಿನಲ್ಲಿ ಅವನೇ ಮುಂದಿದ್ದ. ಉದ್ದನೆಯ ದಾರಿಗೆ ಮುಂಚಿನ ಮೂಲೆಯಲ್ಲಿ ಎಂದಿನಂತೆ ಒಂದು ಚೂರು ಸಡಿಲ ಬಿಟ್ಟು ಕಾಲು ಕೆಳಗೊತ್ತಿದ. ಇಂಜಿನ್ ಕೂಗಿತು, ಮೋಟಾರು ಬರಲಿಲ್ಲ. ನೊಗ ಹೊತ್ತ ಎತ್ತು ಹೊಲದ ನಡುವೆ ಮಲಗಿಬಿಟ್ಟಂತೆ ಆಯಿತು. ಹಿಂದಿದ್ದವರು ಒಬ್ಬರಾದಮೇಲೆ ಒಬ್ಬರು ದಾಟಿಕೊಂಡು ಹೋದರು. ಸುತ್ತು ಸುತ್ತಿಗೂ ಅದು ಇನ್ನಷ್ಟು ಕಡಿಮೆ ಕೊಡತೊಡಗಿತು. ಅವನು ಹೆಲ್ಮೆಟ್ಟಿನೊಳಗೆ "ಕೊಡು, ಕೊಡು" ಎಂದು ಗೋಗರೆಯುತ್ತಿದ್ದದ್ದು ರೇಡಿಯೋದಲ್ಲಿ ಟೀಮಿನವರಿಗೆಲ್ಲ ಕೇಳಿಸಿತು. ಕಾರಿನದೇ ದೋಷ ಎಂದು ಅವನು ಇಳಿದು ಹೇಳಿದಾಗ ಬೇರೆ ಟೀಮಿನ ಮೆಕ್ಯಾನಿಕ್ ಒಬ್ಬ, "ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ" ಎಂದು ನಕ್ಕ.

ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಹೆಸರು ಮಾನ್ಯ. ಕನಕಪುರದ ಕಡೆಯ ಹುಡುಗಿ. ತಂದೆ ಚನ್ನಯ್ಯ ಕುರಿ ಸಾಕಿಕೊಂಡೇ ಮಗಳನ್ನು ಓದಿಸಿದ್ದರು. ಅವಳಿಗೆ ಮುಷರಫನ ಮೇಲೆ ಗೌರವವಿತ್ತು, ಅದಕ್ಕೇ ಸುತ್ತಿ ಬಳಸಿ ಮಾತಾಡಲಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು.

"ಮುಷರಫಣ್ಣ, ನಿಮ್ಮ ಕಾಲು ಎಲ್ಲೆಲ್ಲಿ ಎಷ್ಟು ಒತ್ತುತ್ತೆ ಅಂತ ಇದು ಪ್ರತಿ ಸುತ್ತಲ್ಲೂ ನೋಡ್ಕೊಂಡು ಕಲೀತದೆ. ಉದ್ದನೆ ದಾರಿಗೆ ಮುಂಚೆ ನೀವು ಒಂದ್ ಚೂರು ಎತ್ತಿಬುಡ್ತೀರ. ಅಣ್ಣಂಗೆ ಇಲ್ಲಿ ಬೇಡ ಅಂತ ತಿಳ್ಕೊಂಡು ಬ್ಯಾಟರೀನ ಬೇರೆ ಕಡೆಗೆ ಎತ್ತಿಟ್ಕೊಳ್ತದೆ."

"ಬೇಕೂಂತಲೇ ಎತ್ತೋದು ನಾನು."

"ಅದಕ್ಕೆ ಗೊತ್ತಾಗಲ್ಲ ಅಣ್ಣ."

"ನೀವು ಹೇಳಿ ಅದಕ್ಕೆ."

"ಈ ವರ್ಷ ಪೂರ್ತಿ ಸೀಲ್ ಮಾಡ್ಬುಟ್ಟವ್ರೆ. ಯಾವ ಟೀಮೂ ಮುಟ್ಟಂಗಿಲ್ಲ. ಮುಂದಿನ ವರ್ಷಕ್ಕೆ ಬದಲಾಯಿಸಬೋದು. ಅಲ್ಲೀವರ್ಗೂ ನೀವೇ ಬದಲಾಗ್ಬೇಕು."

ಹೇಳಿದ್ದು ಸರಳ. ಕಾಲು ಒಮ್ಮೆ ಕೆಳಗಿಳಿದರೆ ಎತ್ತಬಾರದು. ಮುಷರಫ್ ಆಗಲಿ ಎಂದ. ಮುಂದಿನ ರೇಸಿನಲ್ಲಿ ಎತ್ತಬಾರದು ಎತ್ತಬಾರದು ಎಂದು ಜಪ ಮಾಡುತ್ತ ಮೂಲೆಗೆ ಬಂದ, ಎತ್ತಿದ. ಅದರ ಮುಂದಿನದರಲ್ಲೂ ಎತ್ತಿದ. ಎತ್ತಿದ್ದು ತನಗೇ ಗೊತ್ತಾಗಲಿಲ್ಲ, ಮೋಟಾರು ಬರದಿದ್ದಾಗಲೇ ಗೊತ್ತಾದದ್ದು. ಕಂಪನಿಯ ಮ್ಯಾನೇಜರ್ ಒಳ್ಳೆಯ ಮಾತಿನಲ್ಲೇ ಹೇಳಿದ. ವರ್ಷದ ಕೊನೆಯ ರೇಸು ತಿಪ್ಪಸಂದ್ರದ ತಮ್ಮದೇ ಟ್ರ್ಯಾಕಿನಲ್ಲಿ ಇದೆ, ಅಷ್ಟರೊಳಗೆ ಕಾಲು ಸರಿಹೋಗದಿದ್ದರೆ ಸೀಟು ಟೀಮಿನ ಹೊಸ ಹುಡುಗ ವಾಸಿಂಗೆ.

ಸೀಟು ಹೋದರೆ ಏನು ಮಹಾ, ಗೂಡಿನ ಗಾಡಿ ಇದೆಯಲ್ಲ ಎಂದು ಕೆಲವರು ಅಂದರು. ಅನ್ನುವವರಿಗೆ ಬಾಯಿ ಒಂದಿದ್ದರೆ ಸಾಕು. ಆ ಸೀಟಿನಲ್ಲಿ ಕೂತಾಗ ಮಾತ್ರ ತಾನು ಒಬ್ಬ ಮನುಷ್ಯ ಎಂದು ಮುಷರಫನಿಗೆ ಅನ್ನಿಸುತ್ತಿತ್ತು. ಉಳಿದ ಹೊತ್ತೆಲ್ಲ ಅವನು ಯಾರದೋ ಗೂಡು ಸಾಗಿಸುವವನು. ಅವನ ವಯಸ್ಸಿಗೆ ಇನ್ನೊಂದು ಕಂಪನಿ ಅವನನ್ನು ಕರೆಯುವುದಿಲ್ಲ, ಇದು ಅವನಿಗೂ ಗೊತ್ತಿತ್ತು.

ವಾಸಿಂ ಚನ್ನಪಟ್ಟಣದ ಗೊಂಬೆ ಮಾಡುವವರ ಮನೆಯವನು. ಕಂಪ್ಯೂಟರಿನ ಮುಂದೆ ಕೂತು ಕಾರ್ ರೇಸು ಆಡುತ್ತ ಆಡುತ್ತ ಡ್ರೈವರ್ ಆದವನು. ಅವನ ಕಾಲಿಗೆ ಯಾವ ಹಳೆಯ ಅಭ್ಯಾಸವೂ ಇರಲಿಲ್ಲ. ಕೆಟ್ಟವನಲ್ಲ. ಮುಷರಫನನ್ನು ಭಾಯ್ ಎಂದು ಕರೆಯುತ್ತ ಹಿಂದೆ ಮುಂದೆ ಸುತ್ತುತ್ತಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಮುಷರಫ್ ಎಷ್ಟೋ ಪ್ರಯತ್ನ ಪಟ್ಟ, ಆಗಲಿಲ್ಲ.

ಮುಷರಫ್ ಸೀನಣ್ಣನ ಗ್ಯಾರೇಜಿನ ಮೂಲೆಯಲ್ಲಿ ಹಳೆಯ ಸೀಟು ಹಾಕಿಸಿ, ಎದುರಿಗೆ ಗುಜರಿ ಪೆಡಲುಗಳನ್ನು ನೆಲಕ್ಕೆ ಬಿಗಿಸಿಕೊಂಡು, ಟ್ರ್ಯಾಕಿನ ವಿಡಿಯೋವನ್ನು ಫೋನಿನಲ್ಲಿ ಹಚ್ಚಿ ಅಭ್ಯಾಸಕ್ಕೆ ಕೂತ. ವಿಡಿಯೋದಲ್ಲಿ ಮೂಲೆ ಬರುತ್ತದೆ, ಕಾಲು ಎತ್ತುತ್ತದೆ. ಮತ್ತೆ ಹಚ್ಚುತ್ತಾನೆ, ಮತ್ತೆ ಎತ್ತುತ್ತದೆ. ವಾಸಿಂ ಅದನ್ನು ನೋಡಿ ಹೋಗಿ, ಅಪ್ಪನ ಕಡೆಯುವ ಯಂತ್ರದಲ್ಲಿ ಗೊಂಬೆ ಮಾಡುವ ಆಲೆಮರದ ದಪ್ಪ ಬಳೆಯೊಂದನ್ನು ಕಡೆದು, ಅರ್ಧಕ್ಕೆ ಕೊಯ್ದು ತಂದ. ಮಕ್ಕಳ ಗೊಂಬೆಗೆ ಹಚ್ಚುವ ಅದೇ ಕೆಂಪು ಅರಗಿನ ಬಣ್ಣ. ಅದನ್ನು ಪೆಡಲಿನ ಮೇಲೆ ಕಮಾನಿನ ಹಾಗೆ ನೆಲಕ್ಕೆ ಬಿಗಿದರೆ ಒತ್ತಿದ ಪಾದ ಅದರಡಿ ಇರುತ್ತದೆ. ಬ್ರೇಕಿಗೆ ಹಿಂದಕ್ಕೆಳೆದು ಸರಿಸಬಹುದು, ಮೇಲಕ್ಕೆ ಎತ್ತಿದರೆ ಮರ ತಾಗುತ್ತದೆ.

"ತಾಗ್ದಾಗ ಗೊತ್ತಾಗ್ತದೆ ಭಾಯ್" ಅಂದ ವಾಸಿಂ.

ನಿನಗೆ ಬರಬೇಕಾದ ಸೀಟನ್ನು ನೀನೇ ಯಾಕೆ ಕಳೆದುಕೊಳ್ಳುತ್ತೀಯಪ್ಪಾ ಎಂದು ಮುಷರಫ್ ಕೇಳಬೇಕೆಂದುಕೊಂಡ, ಕೇಳದೆ ಕಮಾನನ್ನು ಬಿಗಿಯತೊಡಗಿದ. ಆದರೆ ಮರ ತಾಗುವುದು ಅವನ ಕಾಲಿಗೆ ಸಾಕಾಗಲಿಲ್ಲ. ಒಂದು ಮಧ್ಯಾಹ್ನ ಅವನೇ ಸೀನಣ್ಣನ ಸುತ್ತಿಗೆ ತೆಗೆದುಕೊಂಡು ಆ ಕೆಂಪು ಕಮಾನಿನ ಮೇಲಿನಿಂದ ಒಂದು ಮೊಳೆ ಹೊಡೆದ. ಮೊಳೆಯ ತುದಿ ಒಳಗಡೆ ಹಣಕಿತು. ಸೀನಣ್ಣ ಸ್ಪ್ಯಾನರ್ ಕೆಳಗಿಟ್ಟ.

"ಏನ್ಲಾ ಇದು? ಕಾಲು ಯಾವ್ನದ್ಲಾ?"

"ನಂದೇ ಅಣ್ಣ. ಮಾತು ಕೇಳ್ತಿಲ್ಲ."

"ಅದು ಇಷ್ಟು ವರ್ಸ ನಿನ್ನ ಸಾಕ್ತು ಕಣ್ಲಾ."

ಮುಷರಫ್ ಬರಿಗಾಲನ್ನು ಕಮಾನಿನಡಿ ತೂರಿಸಿದ.

ಮನೆಯಲ್ಲಿ ತಾಯಿಗೂ ಹೇಳಬೇಕಾಯಿತು. ಗ್ಯಾರೇಜಿನಲ್ಲಿ ಕಷ್ಟಪಟ್ಟು ಕಲಿತದ್ದು ಸಂಜೆ ಚರಕದ ಮುಂದೆ ಕೂತರೆ ಕರಗಿ ಹೋಗುತ್ತಿತ್ತು. "ಅಮ್ಮಿ, ರೇಸು ಮುಗಿಯೋಗಂಟ ನಾನು ತುಳಿಯಲ್ಲ."

"ಯಾಕೆ ಬೇಟಾ?"

"ಕಾಲು ಕೆಟ್ಟೋಗ್ತದೆ."

ಫಿರೋಜಾ ಒಲೆಗೆ ಸೌದೆ ಸರಿಸುತ್ತಿದ್ದವಳು ಅಲ್ಲೇ ನಿಂತಳು. "ಈ ಚರಕದಿಂದ ಕಾಲು ಕೆಡ್ತದಾ?" ಅಂದಳು. ಅವಳ ಗಂಡನ ಉಸಿರು ತಿಂದ ಚರಕ, ಅವಳ ಕೈಬೆರಳ ಚರ್ಮ ಸುಲಿದ ಚರಕ. ಅದರ ಬಗ್ಗೆ ಅವಳಿಗೆ ಭ್ರಮೆಯೇನೂ ಇರಲಿಲ್ಲ. ಆದರೆ ಮಗನ ಕಾಲನ್ನು ಅದು ಕೆಡಿಸಿತು ಎಂಬ ಮಾತು ಅವಳಿಗೆ ನಾಟಿತು. ಮಗ ಅದನ್ನು ನೋಡಿದ, ಸಮಾಧಾನ ಹೇಳಲು ಹೋಗಲಿಲ್ಲ. ಪಕ್ಕದ ಮನೆಯ ಹಫೀಜಾ ಬಂದು ತುಳಿಯತೊಡಗಿದಳು. ಅವಳು ತುಳಿದರೆ ನೂಲಿನಲ್ಲಿ ಗಂಟು ಜಾಸ್ತಿ, ಆದರೂ ಕೆಲಸ ನಡೆಯುತ್ತಿತ್ತು.

ಹುಟ್ಟುಗುಣ ಸುಟ್ಟರೂ ಹೋಗದು ಎಂದು ಗಾದೆ ಮಾಡಿದವರು ಯಾರೋ, ಅವರು ಸರಿಯಾಗಿ ಸುಟ್ಟು ನೋಡಿರಲಿಲ್ಲ. ಹೋಗುತ್ತದೆ. ಮೊಳೆ ಚುಚ್ಚಿದ ಜಾಗ ಮೊದಲು ಊದಿತು, ಕೀವಾಯಿತು, ಆಮೇಲೆ ಗಟ್ಟಿಯಾಗಿ ಕಾಯಿಕಟ್ಟಿತು. ಅಷ್ಟು ಹೊತ್ತಿಗೆ ಕಾಲು ಎತ್ತುವುದನ್ನು ಬಿಟ್ಟಿತ್ತು. ಟ್ರ್ಯಾಕಿನಲ್ಲಿ ಓಡಿಸಿ ಬಂದಾಗ ಮಾನ್ಯ ಲ್ಯಾಪ್‌ಟಾಪಿನಲ್ಲಿ ನೋಡಿ, "ಅಣ್ಣ, ನೆಟ್ಟಗೆ ಗೆರೆ ಹೊಡ್ದಂಗೈತೆ" ಅಂದಳು. ಅವಳ ಮುಖದಲ್ಲಿ ನಿಜವಾದ ಸಂತೋಷವಿತ್ತು. ಮುಷರಫನೂ ನಕ್ಕ.

ಕೊನೆಯ ರೇಸಿಗೆ ರಾಮನಗರದಿಂದ ಜನ ಬೈಕು ಹತ್ತಿಕೊಂಡು ಬಂದಿದ್ದರು. ಸೀನಣ್ಣ ಉದ್ದನೆಯ ದಾರಿಗೆ ಮುಂಚಿನ ಮೂಲೆಯಲ್ಲೇ ತಂತಿಬೇಲಿ ಹಿಡಿದು ನಿಂತ. ಮುಷರಫ್ ಆ ಮೂಲೆಗೆ ಬಂದ, ಕಾಲು ಕೆಳಗಿಳಿಯಿತು, ಎತ್ತಲಿಲ್ಲ. ಕಾರಿನ ಮೂತಿ ಹೊರಗೆ ಜಾರಿತು. ಸ್ಟೇರಿಂಗಿನ ಜೊತೆ ಗುದ್ದಾಡಿ ಹಿಡಿದುಕೊಂಡ, ಎಲ್ಲರೂ ಗುದ್ದಾಡುವ ಹಾಗೆ. ಆಗ ಹಿಂದಿನಿಂದ ಮೋಟಾರು ನೂಕಿತು. ಒಂದೊಂದು ಸುತ್ತಿಗೂ ಅದು ಇನ್ನಷ್ಟು ಉದಾರವಾಗಿ ಕೊಟ್ಟಿತು. ಒಬ್ಬೊಬ್ಬರನ್ನೇ ದಾಟಿದ. ದಾಟುವಾಗ ಹಿಂದೆಲ್ಲ ಎದೆಯಲ್ಲಿ ಏಳುತ್ತಿದ್ದ ಗೆಲುವು ಏಳಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೊರಗೆ ನೋಡುತ್ತಿರುವಂತೆ ಇತ್ತು. ಆದರೆ ಗೆದ್ದ. ವರ್ಷಪೂರ್ತಿ ಸೋತವನು ಕೊನೆಯದನ್ನು ಗೆದ್ದ, ಸೀಟು ಉಳಿಯಿತು ಎಂದುಕೊಂಡು ಕಾರಿನಿಂದ ಇಳಿದ.

ಹುಡುಗರು ಅವನನ್ನು ಎತ್ತಿ ಕುಣಿಸಿದರು. ಸೀನಣ್ಣ ತಡವಾಗಿ ಬಂದ. ಹೆಗಲ ಮೇಲೆ ಕೈಯಿಟ್ಟ.

"ಹೆಂಗಿತ್ತಣ್ಣ?"

"ಚೆನ್ನಾಗಿತ್ತು ಕಣ್ಲಾ." ಕೈ ತೆಗೆಯುತ್ತ ಅಂದ, "ಯಾರೋ ಓಡಿಸ್ದಂಗಿತ್ತು."

ಮ್ಯಾನೇಜರ್ ಅವನನ್ನು ಒಳಗೆ ಕರೆದದ್ದು ಅದರ ಮಾರನೆಯ ದಿನ. ಮಾನ್ಯಳೂ ಅಲ್ಲೇ ಇದ್ದಳು, ಮುಖ ಅರಳಿತ್ತು. ಮುಂದಿನ ವರ್ಷದ ಸಾಫ್ಟ್‌ವೇರ್ ಸಿದ್ಧವಾಗಿತ್ತು, ಅದರ ಬಗ್ಗೆ ಅವಳೇ ಹೇಳತೊಡಗಿದಳು. ಮೊದಲ ವರ್ಷದ, ಗುಂಡಿ ಇದ್ದ ಕಾಲದ, ಅವನ ಓಟವನ್ನೆಲ್ಲ ಅವಳು ತೆಗೆದು ಕೂತು ನೋಡಿದ್ದಳಂತೆ. ಮೂಲೆಯಲ್ಲಿ ಅವನು ಸಡಿಲ ಬಿಡುತ್ತಿದ್ದದ್ದು ತಪ್ಪಾಗಿರಲಿಲ್ಲ, ಬೇರೆ ಯಾರಿಗೂ ಬರದ ಸರಿಯಾಗಿತ್ತು ಎಂದು ಅವಳಿಗೆ ಗೊತ್ತಾಗಿತ್ತು.

"ಅದನ್ನ ಈಗ ಒಳಗೇ ಹಾಕ್ಬುಟ್ಟಿದೀನಿ ಅಣ್ಣ. ಡ್ರೈವರ್ ಕಾಲು ಕೆಳಗೇ ಇಟ್ಕೊಂಡಿದ್ರೆ ಸಾಕು. ಮೂಲೇಲಿ ಆ ಒಂದ್ ಚೂರು ಸಡಿಲಾನ ಅದೇ ಬುಡ್ತದೆ, ಆಮೇಲೆ ಅದೇ ಒತ್ತುತ್ತದೆ. ನಿಮ್ಮದೇ ಅದು. ಅಚ್ಚು ನಿಮ್ಮದೇ."

ಅವಳು ಪರದೆ ತಿರುಗಿಸಿದಳು. ಮೇಲೇರುತ್ತಿದ್ದ ನೀಲಿ ಗೆರೆಯೊಂದು ನಡುವೆ ಒಂದು ಕಡೆ ಸಣ್ಣಗೆ ಬಾಗಿ ಮತ್ತೆ ಏರಿತ್ತು. ಮುಷರಫ್ ಅದನ್ನು ನೋಡಿದ. ಅಮ್ಮಿಯ ಭುಜ ಅಲುಗುವುದು, ಹೊಸ ಎಳೆ ಹತ್ತುವುದು, ಕುದಿಯುವ ನೀರಿನ ವಾಸನೆ, ಎಲ್ಲ ಸೇರಿ ಅಷ್ಟೇ ಅಗಲದ ಒಂದು ತಗ್ಗಾಗಿತ್ತು.

"ಹಂಗಾದ್ರೆ ಮುಂದಿನ ವರ್ಷ ನಾನು..." ಅಂದ.

ಮ್ಯಾನೇಜರ್ ನೀರು ಕುಡಿದು ಗಂಟಲು ಸರಿಮಾಡಿಕೊಂಡ. ಕಾಲು ಯಾರದಾದರೂ ಈಗ ಒಂದೇ. ವಾಸಿಂ ತೂಕ ಕಡಿಮೆ, ಕಾರು ಅಷ್ಟು ಹಗುರವಾಗುತ್ತದೆ. ನಿಮ್ಮ ಮೇಲೆ ಕಂಪನಿಗೆ ಯಾವ ಬೇಜಾರೂ ಇಲ್ಲ, ಬೀಳ್ಕೊಡುಗೆ ಇಟ್ಟುಕೊಳ್ಳೋಣ, ಶಾಲು ಹೊದಿಸೋಣ ಎಂದು ಹೇಳಿದ. ಮಾನ್ಯಳ ಮುಖ ನೋಡಿದರೆ ಇದು ಅವಳಿಗೂ ಹೊಸದು ಎಂದು ತಿಳಿಯುತ್ತಿತ್ತು. ಅವಳು ಬಾಗಿಲವರೆಗೆ ಹಿಂದೆಯೇ ಬಂದಳು.

"ಅಣ್ಣ, ನಿಮಗೆ ಖುಷಿಯಾಗ್ತದೆ ಅಂದ್ಕೊಂಡೆ ನಾನು. ನಿಜವಾಗ್ಲೂ."

"ಗೊತ್ತು ಕಣಮ್ಮ" ಅಂದ ಮುಷರಫ್. ಅವಳ ಮೇಲೂ ಸಿಟ್ಟು ಬರಲಿಲ್ಲ. ಸಿಟ್ಟು ಬರುವಂಥ ಒಬ್ಬ ಮನುಷ್ಯನಾದರೂ ಈ ವ್ಯವಹಾರದಲ್ಲಿ ಸಿಕ್ಕಿದ್ದರೆ ಅವನು ಬದುಕಿಕೊಳ್ಳುತ್ತಿದ್ದನೋ ಏನೋ. ಒಬ್ಬರೂ ಕೆಟ್ಟವರಿರಲಿಲ್ಲ, ಅವನೊಬ್ಬ ಹಾಳಾಗಿದ್ದ.

ಶಾಲು ಹೊದಿಸುವ ದಿನ ಅವನು ಹೋಗಲಿಲ್ಲ. ಬೇಕರಿಯ ಗೋಡೆಯ ಫೋಟೊ ಇನ್ನೂ ಇತ್ತು, ಆ ಕಡೆ ಹೋಗುವುದನ್ನು ಬಿಟ್ಟ. ಅವನು ಅಭ್ಯಾಸಕ್ಕೆ ಕೂತಿದ್ದ ದಿನಗಳಲ್ಲಿ ಗೂಡಿನ ಗಾಡಿಗೆ ಮಾಲೀಕ ಬೇರೆ ಡ್ರೈವರನ್ನು ಇಟ್ಟುಕೊಂಡಿದ್ದ. ಕೆಲವು ದಿನ ಮಲಗಿಯೇ ಕಳೆದ. ರೇಸು ಗೆದ್ದವನು ಯಾಕೆ ಮಲಗಿದ್ದಾನೆ ಎಂದು ಕೇಳಿದ ಓಣಿಯವರಿಗೆ, "ಕಾಲು ನೋವಂತೆ" ಎಂದು ಹೇಳಿ ಫಿರೋಜಾ ಸಾಗಹಾಕಿದಳು.

ಒಂದು ಬೆಳಿಗ್ಗೆ ಹಫೀಜಾ ಬರಲಿಲ್ಲ. ಕನಕಪುರ ರಸ್ತೆಯಲ್ಲಿ ತಾನೇ ನೂಲು ಬಿಚ್ಚುವ ದೊಡ್ಡ ಮಿಷಿನ್ನು ಹಾಕಿದವರು ಹೆಂಗಸರನ್ನು ಕೆಲಸಕ್ಕೆ ಕರೆದಿದ್ದರು, ಅವಳು ಅಲ್ಲಿಗೆ ಸೇರಿಕೊಂಡಳು. ಅಷ್ಟರಲ್ಲಿ ಒಲೆ ಉರಿಯುತ್ತಿತ್ತು, ಗೂಡು ನೀರಿಗೆ ಬಿದ್ದಾಗಿತ್ತು. ಬೆಂದ ಗೂಡು ಕಾಯುವುದಿಲ್ಲ. ಫಿರೋಜಾ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ಬೇಟಾ, ರೇಸು ಮುಗೀತಲ್ವಾ?"

"ಮುಗೀತು ಅಮ್ಮಿ."

"ಒಸಿ ತುಳ್ದುಕೊಡ್ತೀಯಾ?"

ಅವನು ಎದ್ದ. ಎಷ್ಟೋ ದಿನಗಳಾದಮೇಲೆ ಮೊದಲ ಸಲ ಅವನಿಗೆ ಎದ್ದು ಮಾಡುವ ಕೆಲಸವೊಂದು ಸಿಕ್ಕಿದಂತಾಯಿತು. ಶೆಡ್ಡಿನ ಹಬೆ, ಹುಳದ ವಾಸನೆ, ಸವೆದು ನುಣುಪಾದ ಹಲಗೆ, ಎಲ್ಲ ಹಾಗೇ ಇದ್ದವು. ಕೂತು ತುಳಿದ. ರಾಟೆ ತಿರುಗಿತು. ನೂಲು ಏರಿತು. ಇದನ್ನಾದರೂ ಯಾರೂ ತೆಗೆದುಕೊಂಡಿಲ್ಲ ಎಂದು ಅವನಿಗೆ ಅನ್ನಿಸಿ ಕಣ್ಣು ತುಂಬಿತು.

ನೂಲು ತೆಳುವಾಯಿತು. ತಾಯಿಯ ಭುಜ ಅಲುಗಿತು. ಅವನು ನೋಡಿದ. ಕಾಲು ಹಾಗೇ ತುಳಿಯಿತು. ನೂಲು ಹರಿಯಿತು.

ಫಿರೋಜಾ ತುದಿ ಹುಡುಕಿ ಗಂಟು ಹಾಕಿದಳು. ಮರೆತಿದ್ದೀಯ, ಬರ್ತದೆ ಅನ್ನುವ ಹಾಗೆ ತಲೆಯಾಡಿಸಿದಳು. ಮತ್ತೆ ತುಳಿದ. ಭುಜ ಅಲುಗಿತು. ಬಿಡು ಎಂದು ಅವನು ಕಾಲಿಗೆ ಹೇಳಿದ. ಮೊಳೆ ಚುಚ್ಚಿದ ಜಾಗ ಜುಮ್ಮೆಂದು ಬಿಗಿದುಕೊಂಡಿತು, ಕಾಲು ಇನ್ನಷ್ಟು ಒತ್ತಿತು. ನೂಲು ಹರಿಯಿತು.

"ಒಸಿ ಸಡಿಲ ಬೇಟಾ" ಅಂದಳು ಫಿರೋಜಾ. ಆ ಮಾತನ್ನು ಅವಳು ಅವನ ಮೀಸೆ ಬರುವುದಕ್ಕೂ ಮುಂಚೆ ಹೇಳಿ ಮುಗಿಸಿದ್ದಳು.

ಹರಿಯಿತು. ಮತ್ತೂ ಹರಿಯಿತು. ನೀರಿನಲ್ಲಿ ಗೂಡುಗಳು ಬೆಂದು ಮೆತ್ತಗಾಗಿ ಎಳೆ ಕೊಡುವುದನ್ನು ನಿಲ್ಲಿಸತೊಡಗಿದವು. ಫಿರೋಜಾ ಬೈಯಲಿಲ್ಲ. ಬೈದಿದ್ದರೆ ಅವನು ಮತ್ತೆ ಹುಡುಗನಾಗಿ ಮೊದಲಿನಿಂದ ಕಲಿಯಬಹುದಿತ್ತು. ಅವಳು ಜಾಲರಿ ಸೌಟಿನಲ್ಲಿ ಹಾಳಾದ ಗೂಡುಗಳನ್ನು ಎತ್ತಿ ಬುಟ್ಟಿಗೆ ಹಾಕಿ, ಸೌದೆ ಹೊರಗೆಳೆದು ನೀರು ಚಿಮುಕಿಸಿದಳು. ಆಮೇಲೆ ಬಂದು ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ಅವನ ಬಲಪಾದವನ್ನು ಕೈಗೆ ತೆಗೆದುಕೊಳ್ಳಲು ನೋಡಿದಳು. ಅದು ಹಲಗೆ ಬಿಟ್ಟು ಏಳಲಿಲ್ಲ. ಪಾದದ ಮೇಲಿನ ಗಟ್ಟಿ ಕಲೆಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

"ಇದು ನಿನ್ನ ಕಾಲಲ್ಲ ಬೇಟಾ" ಅಂದಳು. "ನಿಂದು ಎಲ್ಲಿ ಬುಟ್ಟು ಬಂದೆ?"

ತಿಪ್ಪಸಂದ್ರದಲ್ಲಿ ಎಂದು ಹೇಳಲು ಅವನು ಬಾಯಿ ತೆರೆದ. ಅಲ್ಲಿ ಆ ಹೊತ್ತಿಗೆ ವಾಸಿಂ ಹೊಸ ಕಾರನ್ನು ಓಡಿಸಿ ನೋಡುತ್ತಿದ್ದ, ಮೂಲೆ ಬಂದಾಗಲೆಲ್ಲ ಕಾರು ತಾನಾಗಿಯೇ ಒಂದು ಚೂರು ಸಡಿಲ ಬಿಡುತ್ತಿತ್ತು. ಒಲೆ ಆರಿತ್ತು, ರಾಟೆ ನಿಂತಿತ್ತು, ಮುಷರಫನ ಕಾಲು ಹಲಗೆಯನ್ನು ನೆಲಕ್ಕೆ ಒತ್ತಿಕೊಂಡೇ ಇತ್ತು.